ಕೆಲಸವಿಲ್ಲದ ಕೈ

ಚಿತ್ರದ ಮುಂದೆ ನಿಂತಿದ್ದ ಔಷಧಿ ಅಂಗಡಿಯವರು ತಮ್ಮ ಕುತ್ತಿಗೆಯನ್ನು ಒಮ್ಮೆ ಸವರಿಕೊಂಡರು. ಆಮೇಲೆ ಕನ್ನಡಕವನ್ನು ಹಣೆಗೇರಿಸಿ, ಚಿತ್ರದ ಹತ್ತಿರಕ್ಕೆ ಮೂಗು ಒಯ್ದು ಮತ್ತೊಮ್ಮೆ ನೋಡಿದರು.

"ಎಡಗೈ ಮೇಲೆ ಮಚ್ಚೆ ಇದೆ. ಇದು ನಮ್ಮ ಸಲೂನಿನವರ ಕೈ ಅಲ್ವೇನ್ರಿ?"

"ಹೌದು ಸಾರ್," ಎಂದ ಅಳಿಯ. ಸಲೂನಿನವರ ಮಗಳನ್ನು ಮದುವೆಯಾದಂದಿನಿಂದ ಆ ಬೀದಿಯಲ್ಲಿ ಅವನಿಗೆ ಅದೇ ಹೆಸರು. ವಿಮಾ ಕಚೇರಿಯಲ್ಲಿ ಅವನಿಗೊಂದು ಮೇಜು, ಮೇಜಿನ ಮೇಲೊಂದು ಹೆಸರಿನ ಫಲಕ ಎಲ್ಲ ಇದ್ದರೂ ಬೀದಿಗೆ ಕಾಲಿಟ್ಟರೆ ಅವನು ಅಳಿಯನೇ. ಗ್ರಂಥಾಲಯದ ಹಾಲಿನಲ್ಲಿ ಫೋಟೋ ಕ್ಲಬ್ಬಿನ ಪ್ರದರ್ಶನ ಅಂದೇ ಶುರುವಾಗಿತ್ತು. ಬಾಗಿಲು ತೆರೆದ ಗಳಿಗೆಯಿಂದ ಅವನು ತನ್ನ ಚಿತ್ರದ ಪಕ್ಕದಲ್ಲೇ ನಿಂತಿದ್ದ, ಹೊಗಳಿಕೆ ಬಂದರೆ ಕೈತಪ್ಪಿ ಹೋದೀತು ಎಂಬಂತೆ.

"ಬಲಗೈ ನಡುಗ್ತಾ ಇದೆಯಲ್ಲ."

"ಅದು ಶಟರ್ ನಿಧಾನಕ್ಕೆ ಇಟ್ಟು ತೆಗೆದಿದ್ದು ಸಾರ್. ಹಾಗೆ ಕಾಣತ್ತೆ."

"ಕನ್ನಡಿ ನಡುಗಿಲ್ಲ. ಕತ್ತರಿ ನಡುಗಿಲ್ಲ. ಕೈ ಮಾತ್ರ ನಡುಗಿದೆ." ಅವರು ಮತ್ತೆ ಕುತ್ತಿಗೆ ಸವರಿಕೊಂಡರು. "ವಾರಕ್ಕೆರಡು ಸಲ ಈ ಕೈಗೆ ಕತ್ತು ಕೊಡ್ತೀನಪ್ಪ ನಾನು."

ಅವರು ಹೋದ ಮೇಲೂ ಅಳಿಯ ಅಲ್ಲೇ ನಿಂತಿದ್ದ. ಕಿವಿ ಬಿಸಿಯಾಗಿತ್ತು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಗ್ರಂಥಾಲಯದ ನೆಲ ಗಟ್ಟಿ ಸಿಮೆಂಟಿನದು, ಅದು ಬಾಯಿ ಬಿಡಲಿಲ್ಲ.

ಅವನು ಕ್ಯಾಮೆರಾ ಕೊಂಡು ವರ್ಷಗಳಾಗಿದ್ದವು. ಅದರ ನೆತ್ತಿಯ ಮೇಲಿನ ಚಕ್ರವನ್ನು ಮಾತ್ರ 'ಆಟೋ' ಎಂಬ ಹಸಿರು ಗುರುತಿನಿಂದ ಯಾವತ್ತೂ ಕದಲಿಸಿರಲಿಲ್ಲ. ಬೆಳಕೆಷ್ಟು, ವೇಗವೆಷ್ಟು ಎಲ್ಲವನ್ನೂ ಯಂತ್ರವೇ ನೋಡಿಕೊಳ್ಳುತ್ತಿತ್ತು. ಅವನು ಗುಂಡಿ ಒತ್ತುತ್ತಿದ್ದ, ಹೊಗಳಿಸಿಕೊಳ್ಳುತ್ತಿದ್ದ. "ಅಡುಗೆ ಮಾಡೋರು ಯಾರೋ, ಸೌಟು ಮಾತ್ರ ಇವರ ಕೈಲಿ," ಎಂದು ಹೆಂಡತಿ ಛೇಡಿಸುತ್ತಿದ್ದಳು. ಕ್ಲಬ್ಬು ಸೇರಿದ ಮೇಲೆ ಫೋಟೋ ಮೇಷ್ಟ್ರು ಅದನ್ನೇ ಎಲ್ಲರೆದುರಿಗೆ ಹೇಳಿದರು. "ಚೆನ್ನಾಗಿದೆ. ಆದ್ರೆ ಇದು ನಿಮ್ಮ ಕ್ಯಾಮೆರಾ ತೆಗೆದಿದ್ದು. ನೀವು ತೆಗೆದಿದ್ದು ಯಾವಾಗ ತೋರಿಸ್ತೀರಿ?" ನಕ್ಕವರ ಜೊತೆ ಅವನೂ ನಕ್ಕ. ಮನೆಗೆ ಬರುವಾಗ ಆ ಮಾತು ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಚುಚ್ಚುತ್ತಲೇ ಇತ್ತು.

ಮುಂದಿನ ಪಾಠ ಶಟರಿನದು. ಅದು ಬೇಗ ಮುಚ್ಚಿದರೆ ಓಡುವುದೂ ನಿಂತಂತೆ ಕಾಣುತ್ತದೆ. ತಡಮಾಡಿ ಮುಚ್ಚಿದರೆ ನಿಂತದ್ದು ನಿಚ್ಚಳ, ಅಲುಗಿದ್ದು ಮಸುಕು. "ಎರಡನ್ನೂ ಒಂದೇ ಚಿತ್ರದಲ್ಲಿ ಹಿಡ್ಕೊಂಡು ಬನ್ನಿ," ಎಂದಿದ್ದರು ಮೇಷ್ಟ್ರು. ನಲ್ಲಿಯ ನೀರು ತೆಗೆದ, ಫ್ಯಾನು ತೆಗೆದ, ಹೆಂಡತಿ ಒಗೆದ ಬಟ್ಟೆ ಒದರುವುದನ್ನು ತೆಗೆದ. ಒಂದು ಸಲ ಎಲ್ಲ ಸುಣ್ಣ ಬಳಿದಷ್ಟು ಬೆಳ್ಳಗೆ, ಇನ್ನೊಂದು ಸಲ ಎಲ್ಲ ಕತ್ತಲೆ. ಕೊನೆಗೆ ಒಂದು ಮಧ್ಯಾಹ್ನ ಮಾವನ ಸಲೂನಿಗೆ ಹೋದ.

ಮಾವ ಗಿರಾಕಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದರು. ಕ್ಯಾಮೆರಾ ಕಂಡೊಡನೆ ಬಾಚಣಿಗೆ ಎತ್ತಿಕೊಳ್ಳಲು ಹೋದರು.

"ಬೇಡ ಮಾವ, ಏನೂ ಹಿಡ್ಕೋಬೇಡಿ. ಸುಮ್ನೆ ತೊಡೆ ಮೇಲೆ ಕೈ ಇಟ್ಕೊಳ್ಳಿ," ಎಂದ ಅಳಿಯ.

ಮಾವ ಒಂದು ಗಳಿಗೆ ಅವನ ಮುಖ ನೋಡಿದರು. ಅಳಿಯನ ಮಾತು ತೆಗೆದುಹಾಕುವವರಲ್ಲ. ಬಾಚಣಿಗೆ ಬಿಟ್ಟು ಕೈಗಳನ್ನು ತೊಡೆಯ ಮೇಲಿಟ್ಟರು. ಅವನು ಕ್ಯಾಮೆರಾವನ್ನು ಪೌಡರಿನ ಡಬ್ಬಗಳ ಪಕ್ಕದಲ್ಲಿ ಅಲುಗದಂತೆ ಕೂರಿಸಿ, ಚಕ್ರ ತಿರುಗಿಸಿ, ಉಸಿರು ಬಿಗಿಹಿಡಿದು ಒತ್ತಿದ.

ಚಿತ್ರ ಬಂತು. ಕನ್ನಡಿಯ ಅಂಚು, ಕತ್ತರಿಗಳ ಸಾಲು, ಅಂಗಿಯ ಗುಂಡಿಯ ದಾರ ಕೂಡ ನಿಚ್ಚಳ. ನಡುವೆ, ಮಾವನ ಬಲಗೈ ಬೆರಳುಗಳಿರಬೇಕಾದ ಕಡೆ, ಕುದಿಯುವ ನೀರಿನ ಮೇಲಿನ ಆವಿಯಂಥ ಮಸುಕು. ತಾನೇ ಅಲುಗಿಸಿರಬೇಕು ಎಂದುಕೊಂಡು ತಲೆಯೆತ್ತಿದ. ಅಷ್ಟರಲ್ಲಿ ಮಾವನ ಎಡಗೈ ಬಲಗೈಯನ್ನು ಅಮುಕಿ ಹಿಡಿದುಕೊಂಡಿತ್ತು. ಆಗ ಅವನಿಗೆ ಅರ್ಥವಾಯಿತು. ಮಾವ ಯಾಕೆ ಯಾವಾಗಲೂ ಬಾಚಣಿಗೆ ಹಿಡಿದೇ ಮಾತಾಡುತ್ತಾರೆ, ನೆಂಟರೆದುರು ಯಾಕೆ ಅರ್ಧ ಲೋಟ ಚಹಾ ಮಾತ್ರ ಹಾಕಿಸಿಕೊಳ್ಳುತ್ತಾರೆ, ಎಲ್ಲ ಅರ್ಥವಾಯಿತು.

"ಹೇಗೆ ಬಂತು ಅಳಿಯಂದ್ರೇ?"

"ಚೆನ್ನಾಗಿ ಬಂದಿದೆ ಮಾವ," ಎಂದ. ತೋರಿಸಲಿಲ್ಲ.

ಹೌದು, ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಚಿತ್ರವನ್ನು ಕ್ಲಬ್ಬಿಗೆ ಒಯ್ದ. ಮೇಷ್ಟ್ರು ಬಹಳ ಹೊತ್ತು ನೋಡಿ, "ಇದು ನೀವು ತೆಗೆದಿದ್ದು," ಎಂದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪ್ರದರ್ಶನಕ್ಕೆ ಇಡೋಣವೇ ಎಂದು ಕೇಳಿದಾಗ ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಮುಖ ಕಾಣುವುದಿಲ್ಲವಲ್ಲ, ಬರೀ ಕೈ, ಯಾರಿಗೆ ಗೊತ್ತಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ಬೀದಿಯ ಗಂಡಸರೆಲ್ಲ ತಮ್ಮ ಕೆನ್ನೆಯಷ್ಟೇ ಆ ಕೈಯನ್ನೂ ಬಲ್ಲರೆಂಬುದು ಹೊಳೆಯದಷ್ಟು ದಡ್ಡನೇನಲ್ಲ ಅವನು. ಹೊಗಳಿಕೆಯ ರುಚಿ ಹತ್ತಿದರೆ ಜಾಣನೂ ಕುರುಡನೇ.

ಪ್ರದರ್ಶನ ಶುರುವಾದ ದಿನದ ಸಂಜೆಯೇ ಚಿತ್ರವನ್ನು ಗೋಡೆಯಿಂದ ಇಳಿಸಿ, ಪೇಪರಿನಲ್ಲಿ ಸುತ್ತಿ, ಮನೆಗೆ ತಂದು ಬೀರುವಿನ ಹಿಂದೆ ತುರುಕಿದ. ಗೋಡೆಯಿಂದ ಇಳಿಸಬಹುದು, ಊರ ಬಾಯಿಂದ ಇಳಿಸುವುದು ಹೇಗೆ? ವಾರ ಕಳೆಯುವುದರೊಳಗೆ ಸುದ್ದಿ ಹೆಂಡತಿಯ ಕಿವಿಗೂ ಬಿತ್ತು. ಸಲೂನಿನ ಟವೆಲುಗಳನ್ನು ಒಗೆದು ಮಡಚಿಡುವುದು ಅವಳ ಕೆಲಸ. ಆ ದಿನ ಮಡಚಲು ಹೆಚ್ಚೇನೂ ಇರಲಿಲ್ಲ.

"ಔಷಧಿ ಅಂಗಡಿಯವರು ಈಗ ಬಸ್‌ಸ್ಟ್ಯಾಂಡ್ ಹತ್ರ ಹೋಗಿ ಶೇವ್ ಮಾಡಿಸ್ಕೋತಾರಂತೆ. ಅವರನ್ನ ನೋಡಿ ಉಳಿದೋರೂ," ಎಂದಳು. ಅವಳು ಕೂಗಾಡಲಿಲ್ಲ, ಕೂಗಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಅಪ್ಪನ ಕೈ ಕೆಲಸ ಇಲ್ಲದಾಗ ಮಾತ್ರ ರೀ ನಡುಗೋದು. ಕತ್ತರಿ ಹಿಡಿದ್ರೆ ನಿಂತುಬಿಡತ್ತೆ. ನಾನೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದೆ. ಸದ್ಯಕ್ಕೆ ಧಾರಾಳವಾಗಿ ಕೆಲಸ ಮಾಡಿ ಅಂದಿದಾರೆ."

"ನಂಗ್ಯಾಕೆ ಹೇಳಲಿಲ್ಲ?"

"ಅಳಿಯಂದ್ರಿಗೆ ಗೊತ್ತಾದ್ರೆ ನಾಚಿಕೆ ಅಂದ್ರು ಅಪ್ಪ." ಅವಳು ಕೈಯಲ್ಲಿದ್ದ ಟವೆಲನ್ನು ಕೆಳಗಿಟ್ಟಳು. "ಫೋಟೋ ತೆಗೆದಾಗ ಗೊತ್ತಾಗಲಿಲ್ವಾ ನಿಮಗೆ?"

ಇಲ್ಲ ಎನ್ನಬಹುದಿತ್ತು. "ಗೊತ್ತಾಯ್ತು," ಎಂದ.

ಅವಳು ಟವೆಲುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಅವನು ಕಚೇರಿಗೆ ರಜೆ ಹಾಕಿ, ಗಡ್ಡ ಕೂಡ ಹೆರೆದುಕೊಳ್ಳದೆ, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸಲೂನಿಗೆ ಹೋದ. ರಸ್ತೆಯಾಚೆಯ ಔಷಧಿ ಅಂಗಡಿಯವರು ಇವನನ್ನು ಕಂಡು ಮಾತ್ರೆ ಡಬ್ಬಗಳ ಕಡೆ ತಿರುಗಿಕೊಂಡರು. ಸಲೂನಿನ ಕುರ್ಚಿಗಳೆಲ್ಲ ಖಾಲಿ. ಮಾವ ಬಾಚಣಿಗೆ ಹಿಡಿದು ಬೆಂಚಿನ ಮೇಲೆ ಕೂತಿದ್ದರು.

"ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ. ಜಾಗಕ್ಕೇನೂ ಬರ ಇಲ್ಲ ಈಗ."

"ಮಾವ, ಆ ಫೋಟೋ..."

"ಚೆನ್ನಾಗಿದೆ. ಮೊದಲ ದಿನಾನೇ ಬಂದು ನೋಡಿದೆ. ನೀವು ಯಾರ ಜೊತೆಗೋ ಮಾತಾಡ್ತಾ ಇದ್ರಿ, ಮಧ್ಯ ಹೋಗೋದ್ಯಾಕೆ ಅಂತ ಹಿಂದಿನಿಂದಲೇ ನೋಡ್ಕೊಂಡು ಬಂದೆ."

ಅಳಿಯನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಸಲೂನಿನಲ್ಲಿ ಎಲ್ಲಿ ನೋಡಿದರೂ ಕನ್ನಡಿ.

"ಮುಂಚೆ ನೀವು ತೆಗೆದ ನನ್ನ ಫೋಟೋಗಳಲ್ಲೆಲ್ಲ ಕೈ ಸುಮ್ನೆ ಇರ್ತಿತ್ತು," ಎಂದರು ಮಾವ, ಬಾಚಣಿಗೆಯ ಹಲ್ಲು ಸವರುತ್ತ. "ಅವನ್ನ ನೋಡಿದಾಗ ನಂಗೂ ಒಂದು ಧೈರ್ಯ. ಅಷ್ಟೇನೂ ಕಾಣಲ್ಲ ಬಿಡು ಅಂತ."

"ಇನ್ನೊಂದು ತೆಗೀತೀನಿ ಮಾವ. ನೀವು ಶೇವ್ ಮಾಡ್ತಿರೋದು. ಗ್ರಂಥಾಲಯದ ಅದೇ ಗೋಡೆಗೆ ಹಾಕಿಸ್ತೀನಿ, ಎಲ್ಲರೂ ನೋಡ್ಲಿ."

"ನಡುಗಿದ್ದನ್ನ ನೋಡಿದ ಮೇಲೆ ನಿಂತಿದ್ದನ್ನ ಯಾರು ನಂಬ್ತಾರೆ? ಕ್ಯಾಮೆರಾದ್ದೇ ಏನೋ ಆಟ ಅಂತಾರೆ." ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಕ್ಷಮೆಯನ್ನಾದರೂ ಕೇಳುತ್ತಿದ್ದ.

ಅವನು ಕ್ಯಾಮೆರಾ ತೆಗೆದು ಬೆಂಚಿನ ಮೇಲಿಟ್ಟ. ಬಾಗಿಲ ಬಳಿಯ ಕುರ್ಚಿಯನ್ನು ಕನ್ನಡಿಯಿಂದ ರಸ್ತೆಯ ಕಡೆಗೆ ತಿರುಗಿಸಿ ಕೂತ. ತಲೆ ಹಿಂದಕ್ಕೆ ಚಾಚಿದ.

"ಶೇವ್ ಮಾಡಿ ಮಾವ."

"ನೀವು ಮನೇಲೇ ಮಾಡ್ಕೊಳ್ಳೋರು."

"ಇವತ್ತಿಂದ ಇಲ್ಲೇ."

ಮಾವ ರಸ್ತೆಯನ್ನು ನೋಡಿದರು, ಅವನನ್ನು ನೋಡಿದರು. ಆಮೇಲೆ ಬಿಳಿ ಬಟ್ಟೆ ಒದರಿ ಅವನ ಕೊರಳಿಗೆ ಕಟ್ಟಿದರು, ನೊರೆ ಹಚ್ಚಿದರು, ಕ್ಷೌರದ ಕತ್ತಿಗೆ ಹೊಸ ಬ್ಲೇಡು ಸೇರಿಸಿದರು. ಔಷಧಿ ಅಂಗಡಿಯವರು ಈಗ ಡಬ್ಬಗಳನ್ನು ಬಿಟ್ಟು ಇತ್ತಲೇ ನೋಡುತ್ತಿದ್ದರು. ಕತ್ತಿ ಕಿವಿಯ ಬಳಿಯಿಂದ ಇಳಿಯಿತು, ಕೆನ್ನೆ ದಾಟಿತು, ದವಡೆಯ ತಿರುವು ದಾಟಿತು, ಎಲ್ಲೂ ತಡವರಿಸಲಿಲ್ಲ. ಡಾಕ್ಟರು ಹೇಳಿದ್ದರು, ಹೆಂಡತಿ ಹೇಳಿದ್ದಳು, ಈಗ ಅವನ ಚರ್ಮವೇ ಹೇಳುತ್ತಿತ್ತು. ಆದರೂ ಕತ್ತಿ ಗಂಟಲಿನ ಹತ್ತಿರ ಬಂದಾಗ ಅಳಿಯ ಕಣ್ಣು ಮುಚ್ಚಿಕೊಂಡ. ಮುಚ್ಚಿಕೊಂಡದ್ದಕ್ಕೆ ಮೈಯೆಲ್ಲ ನಾಚಿಕೆಯಾಯಿತು, ಆ ಚಿತ್ರ ತೆಗೆದದ್ದಕ್ಕಿಂತ ಹೆಚ್ಚು ನಾಚಿಕೆ.

ಕತ್ತಿ ನಿಂತಿತು.

"ಅಳಿಯಂದ್ರೇ," ಎಂದರು ಮಾವ, ರಸ್ತೆಗೆ ಕೇಳಿಸದಷ್ಟು ಮೆಲ್ಲಗೆ. "ಕೈ."

ಅವನು ಕಣ್ಣು ತೆರೆದು ಕೆಳಗೆ ನೋಡಿದ. ತೊಡೆಯ ಮೇಲಿಟ್ಟುಕೊಂಡಿದ್ದ ಅವನ ಕೈಗಳು ನಡುಗುತ್ತಿದ್ದವು. ಬಿಳಿ ಬಟ್ಟೆ ಹೊರಗಿನವರಿಗೂ ಕಾಣುವಷ್ಟು ಅಲುಗುತ್ತಿತ್ತು. ಮಾವ ಬಾಚಣಿಗೆ ತೆಗೆದುಕೊಂಡು, ಬಟ್ಟೆಯ ಅಂಚಿನಡಿ ತೂರಿಸಿ ಅವನ ಬೆರಳುಗಳಿಗೆ ಸಿಕ್ಕಿಸಿದರು.

"ಇದನ್ನ ಹಿಡ್ಕೊಳ್ಳಿ. ನಿಲ್ಲತ್ತೆ."

ಆಮೇಲೆ ಕತ್ತಿಯನ್ನು ಎತ್ತಿ ಹಿಡಿದು, ಬಟ್ಟೆ ಅಲುಗುವುದು ನಿಲ್ಲುವವರೆಗೆ ಕಾದರು.