ಮೂವತ್ತೇಳನೆಯ ಅರ್ಥ

ನಿಘಂಟು ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಚೀಟಕ್ಕ. ಹನ್ನೊಂದು ವರ್ಷ ‘ರನ್’ ಎಂಬ ಒಂದೇ ಇಂಗ್ಲಿಷ್ ಕ್ರಿಯಾಪದದ ಬೆನ್ನು ಹತ್ತಿದ್ದಳು. ಅರ್ಥಕ್ಕೊಂದು ಚೀಟಿ. ಮೊದಲು ಓಡುವುದು, ಆಮೇಲೆ ಮೂಗು ಸೋರುವುದು, ಬಟ್ಟೆ ಬಣ್ಣ ಬಿಡುವುದು, ಅಂಗಡಿ ನಡೆಸುವುದು. ಚುನಾವಣೆಗೆ ನಾವು ನಿಲ್ಲುತ್ತೇವೆ, ಅಮೆರಿಕದವರು ಓಡುತ್ತಾರೆ ಎಂದು ಬರೆದ ದಿನ ಒಬ್ಬಳೇ ಕೂತು ನಕ್ಕಿದ್ದಳು. ಭೂತಕಾಲದ ರೂಪಗಳದ್ದು ಬೇರೆ ಕಟ್ಟು. ನೀರು ಹರಿಯುವುದಕ್ಕೂ ಕಾಲು ಓಡುವುದಕ್ಕೂ ಒಂದೇ ಮಾತಾಗಿದ್ದ ಹಳೆಯ ಬೇರಿನದು ಇನ್ನೊಂದು.

ಸಂಪಾದಕನ ಕುರ್ಚಿ ಅವಳ ಸ್ವಂತ ಅಕ್ಕನ ಗಂಡನದು. ಕಟ್ಟುಗಳನ್ನೆಲ್ಲ ತಿದ್ದಿಕೊಡುತ್ತೇನೆಂದು ಒಯ್ದವನು ಎಂಟು ತಿಂಗಳಿಗೆ ಅಚ್ಚಾದ ಪುಸ್ತಕವನ್ನೇ ತಂದ. ಮೊದಲ ಪುಟದಲ್ಲಿ ಅವನ ಹೆಸರೊಂದೇ.

“ನನ್ನ ಹೆಸರೆಲ್ಲಿ ಭಾವ?”

“ನೀನು ಕಾಳು ಆರಿಸ್ದೆ ಕಣೇ. ಬೇಯಿಸಿದ್ದು ನಾನು.”

ಅವಳು ಪುಟ ತಿರುವಿದಳು. ಮೂವತ್ತೇಳನೆಯ ಅರ್ಥ ಮಾತ್ರ ಹುಡುಕಿದಳು. ಇತ್ತು, ಒಂದಕ್ಷರವೂ ಕೆಡದೆ: ‘ಕರು ತನ್ನ ತಾಯಿಯನ್ನು ಬಿಟ್ಟು ಪಕ್ಕದ ಹಸುವಿನ ಕೆಚ್ಚಲಿಗೆ ಬಾಯಿ ಹಾಕುವುದು.’

ಆ ಕಚೇರಿಯ ಹಳಬರಲ್ಲಿ ಒಂದು ರೂಢಿ. ಕದ್ದು ನಕಲು ಮಾಡುವವರನ್ನು ಹಿಡಿಯಲು ಕಟ್ಟಿನೊಳಗೆ ಒಂದು ಸುಳ್ಳು ಚೀಟಿ ಇಡುತ್ತಾರೆ. ಅದರ ಪ್ರತಿಯನ್ನು ಲಕೋಟೆಯಲ್ಲಿ ಮುಚ್ಚಿ, ತಾರೀಕು ಹಾಕಿ, ಬೈಂಡರ್ ತಾತನ ಪೆಟ್ಟಿಗೆಯಲ್ಲಿಡುತ್ತಾರೆ. ಅಚ್ಚಿಗೆ ಮುಂಚೆ ಚೀಟಿ ಬರೆದವರೇ ಸುಳ್ಳನ್ನು ಕಿತ್ತುಹಾಕಬೇಕು. ಸೀದಾ ಕುರ್ಚಿಗೇ ಬಂದು ಕೂತ ಭಾವನಿಗೆ ಇದು ಗೊತ್ತಿರಲಿಲ್ಲ. ಕಟ್ಟಿನ ಕೆಲಸದವರನ್ನು ಅವನು ಮಾತಾಡಿಸಿದ್ದೂ ಇಲ್ಲ.

ಆಡಳಿತ ಮಂಡಳಿಯ ಸಭೆಯ ದಿನದವರೆಗೆ ಅವಳು ಕಾದಳು. ಅವತ್ತು ನಗುನಗುತ್ತಲೇ ಕೇಳಿದಳು.

“ಭಾವ, ಆ ಕರುವಿನ ಅರ್ಥ ಬಲು ಸೊಗಸು. ಎಲ್ಲಿ ಸಿಕ್ತು?”

“ಇಂಗ್ಲಿಷ್ ಸೀಮೆಗೆ ಹೋಗಿದ್ನಲ್ಲ, ಅಲ್ಲಿ ದನ ಕಾಯೋ ಮುದುಕನೊಬ್ಬ ಹೇಳ್ದ.”

“ನಿಮಗೇ ಹೇಳಿದ್ನಾ?”

“ಮತ್ತಿನ್ಯಾರಿಗೆ? ಅವನ ಕೊಟ್ಟಿಗೇಲೇ ಕೂತು ಬರ್ಕೊಂಡೆ. ಸಗಣಿ ತುಳಿದು ಹೊಸ ಬೂಟು ಹಾಳಾಯ್ತು!”

ಮಂಡಳಿಯವರು ನಕ್ಕರು. ಅವಳು ಬಾಗಿಲ ಕಡೆ ತಿರುಗಿ, “ತಾತ, ತನ್ನಿ,” ಎಂದಳು.

ಅಧ್ಯಕ್ಷೆ ಲಕೋಟೆ ಒಡೆದು ಗಟ್ಟಿಯಾಗಿ ಓದಿದರು. ಆರು ವರ್ಷ ಹಿಂದಿನ ತಾರೀಕು, ಚೀಟಕ್ಕನ ಕೈಬರಹ, ಅದೇ ಕರು, ಅದೇ ಕೆಚ್ಚಲು. ಕೆಳಗೊಂದು ಸಾಲು: ‘ಇದು ನಾನು ಕಟ್ಟಿದ ಸುಳ್ಳು. ಇಂಥ ಅರ್ಥವಿಲ್ಲ.’

ಭಾವನ ಮುಖ ಸುಣ್ಣ ಬಳಿದಂತಾಯಿತು. “ಮೊದಲೇ ಒಂದು ಮಾತು ಹೇಳಬಾರದಿತ್ತಾ?” ಎಂದು ಗೊಣಗಿದ.

“ಕಟ್ಟು ತಗೊಂಡು ಹೋಗೋವಾಗ ನೀವು ಕೇಳಬೇಕಿತ್ತು.”

ಅವಳ ಹೆಸರಿನ ಹೊಸ ಪುಟ ಹಾಕಿ, ಕರುವಿನ ಸುಳ್ಳನ್ನು ಹೊಡೆದುಹಾಕಿ ಎಂದು ಅಧ್ಯಕ್ಷೆ ಅಲ್ಲೇ ಅಪ್ಪಣೆ ಕೊಟ್ಟರು. ಹಳೆಯ ಪುಟ ಕೀಳಲು ಬೈಂಡರ್ ತಾತ ಮುಂದೆ ಬಂದ. ಅವಳು ತಡೆದಳು.

“ನೀವ್ಯಾಕೆ ತಾತ? ಬೇಯಿಸಿದವರೇ ಬಡಿಸ್ಲಿ.”

ಮಧ್ಯಾಹ್ನವಿಡೀ ಭಾವ ನೆಲದ ಮೇಲೆ ಕೂತು, ಸಾವಿರ ಪ್ರತಿಗಳಿಂದ ತನ್ನ ಹೆಸರನ್ನು ಕೀಳುತ್ತಿದ್ದ. ಎದುರಿಗೆ ಸಂಪಾದಕನ ಕುರ್ಚಿಯಲ್ಲಿ ಚೀಟಕ್ಕ. ಒಂದು ಪುಟ ಅರ್ಧಕ್ಕೆ ಹರಿಯಿತು.

“ನಿಧಾನ ಭಾವ,” ಎಂದಳು ಅಕ್ಕರೆಯಿಂದಲೇ. “ಬುಡಸಮೇತ ಬರ್ಲಿ.”