ಸಾರಿಸಿದ ನೆಲದ ಮೇಲೆ ಗೊರಸು

ಬಕೆಟ್ಟಿನ ಹಿಡಿ ಕಿರುಗುಟ್ಟಿತು, ಇಲ್ಲ, ಅದು ಜೆಸಿಬಿ, ಆಗಲೇ ಬೇಲಿಯ ಪಕ್ಕ ಬಂದು ನಿಂತಿದೆ, ಐದಕ್ಕೆ ಹೊಂಡ ಮುಚ್ಚಬೇಕಂತೆ, ಮುಚ್ಚಲಿ, ಐನೂರು ವರ್ಷ ಮಣ್ಣಿನಡಿ ಇದ್ದದ್ದಕ್ಕೆ ಏನಾಗುತ್ತದೆ, ಆದರೆ ಆ ಫಲಕ — ಹಿಲ್ಡಾ ಗ್ಯಾರ್ಬಟ್ ಮಂಡಿಯೂರಿ ಕರಣೆಯಿಂದ ಸುಮ್ಮನೆ ಕೆರೆದಳು, ಹತ್ತೊಂಬತ್ತು ಬೇಸಿಗೆ ಯಾರ್ಕ್‌ಶೈರಿನ ಈ ಹಾಳೂರನ್ನು ಕೆರೆದಿದ್ದಾಳೆ, ಬಿಟ್ಟಿಯಾಗಿ, ಮೂವತ್ತು ಮನೆಯ ಊರು, ಈಗ ಹುಲ್ಲಿನಡಿ ಬರೀ ಉಬ್ಬುತಗ್ಗು, ಮೇಲೆ ಜಮೀನಿನ ಯಜಮಾನರ ಕುರಿಗಳು, ಥೂ, ಚಹಾದ ಹೊತ್ತಿಗೆ ಉತ್ಖನನದ ಮುಖ್ಯಸ್ಥ ಡಾಕ್ಟರ್ ರೋಲಂಡ್ ಇಲ್ಲಿ ನೆಡುವ ಫಲಕದ ಕರಡು ಕಾಗದ ಹಿಡಿದು ಬಂದಿದ್ದರು, ಪ್ಲೇಗಿಗೆ ಬಲಿಯಾದ ಗ್ರಾಮ, ಕೆಳಗೆ ಉತ್ಖನನ ಮಾಡಿದವರೆಂದು ಅವರ ಹೆಸರು, ಅದರ ಕೆಳಗೆ ಇವಳದು, ಮೊದಲ ಸಲ, ಒಂದು ಸಹಿ ಹಾಕ್ಬಿಡಿ ಹಿಲ್ಡಾ, ಪ್ರಿಂಟಿಗೆ ಹೋಗ್ಬೇಕು. ಪ್ಲೇಗಾ? ಪ್ಲೇಗ್ ಹೋಗಿ ನೂರೈವತ್ತು ವರ್ಷ ಆದ್ಮೇಲೂ ಊರಿತ್ತು ಅಂತ ನಮಗೆಲ್ಲ ಪಾಠ ಹೇಳಿದ್ದು ಯಾರು, ನಿಮ್ಮ ತಾತನಾ? ಗೊತ್ತು ಕಣ್ರೀ, ಆದ್ರೆ ಜಮೀನಿನ ಯಜಮಾನರಿಗೆ ಅವರ ವಂಶದ ಹೆಸರು ಕೆಡೋದು ಬೇಡ, ಮುಂದಿನ ವರ್ಷ ಅಗೆಯೋಕೆ ಬಿಡಬೇಕಲ್ಲ. ಆಹಾ, ರೋಗದ ತಲೆಗೆ ಕಟ್ಟಿದರೆ ರೋಗವೇನು ಕೋರ್ಟಿಗೆ ಹೋಗುತ್ತದೆಯೇ, ಊರನ್ನೇ ಒಕ್ಕಲೆಬ್ಬಿಸಿ ಕುರಿ ಮೇಯಿಸಿದ ಅವರ ಪೂರ್ವಜ ಪುಣ್ಯಾತ್ಮ, ಸತ್ತವರೇ ತಪ್ಪಿತಸ್ಥರು — ಮೊನ್ನೆ ಮಂಗಳವಾರ ತಾನೇ ಮಣ್ಣು ಸರಿಸಿ ಬಿಡಿಸಿದ ನೆಲ ಇದೋ ಎದುರಿಗೇ ಇದೆ, ಒಲೆಯ ಸುತ್ತ ಯಾವಳೋ ಹೊಸ ಜೇಡಿಮಣ್ಣು ಮೆತ್ತಿ ಸಾರಿಸಿದ್ದಾಳೆ, ಅಂಗೈಯ ಗೆರೆಗಳು ಕಮಾನಿನಂತೆ ಬಾಗಿವೆ, ಹಸಿ ಆರುವ ಮೊದಲೇ ಅದರ ಮೇಲೆ ಕುರಿಯ ಗೊರಸು, ಅದರ ಮೇಲೆ ಸುಟ್ಟು ಬಿದ್ದ ಹುಲ್ಲಿನ ಸೂರು, ಆ ಬೆಂಕಿಗೇ ಎಲ್ಲವೂ ಹೆಂಚಿನಂತೆ ಬೆಂದು ಉಳಿದಿದೆ, ಬಿಟ್ಟುಹೋಗುವ ಮನೆಯ ನೆಲವನ್ನು ಯಾರಾದರೂ ಸಾರಿಸುತ್ತಾರೆಯೇ, ರಾತ್ರಿಗೆ ಇಲ್ಲೇ ಉಣ್ಣುತ್ತೇವೆ ಎಂದುಕೊಂಡಿದ್ದಳು ಅವಳು, ಇದರ ಫೋಟೊ ಹಾಕಿ ಅಂದರೆ, ಫಲಕ ಗಜಿಬಿಜಿ ಆಗತ್ತೆ ಅಂತಾರೆ ಈ ಮಹಾನುಭಾವರು.

ಸಹಿ ಆಯ್ತಾ, ರೋಲಂಡ್ ಹೊಂಡದ ಅಂಚಿನಲ್ಲಿ ಗಡಿಯಾರ ನೋಡುತ್ತಿದ್ದಾರೆ, ಹಿಲ್ಡಾ ಕಾಗದವನ್ನು ತೊಡೆಯ ಮೇಲೆ ಹರಡಿದಳು, ಹಾಕಿದರೆ ಇಪ್ಪತ್ತನೆಯ ಬೇಸಿಗೆ, ಹಾಕದಿದ್ದರೆ ಮನೆಯಲ್ಲಿ ಟೀವಿ — ತನ್ನ ಹೆಸರಿನ ಮೇಲೆ ಪೆನ್ನು ಎಳೆದಳು, ಇನ್ನೊಮ್ಮೆ ಎಳೆದಳು, ಕಾಗದ ಹರಿಯಿತು, ಏನ್ರೀ ಮಾಡಿದ್ರಿ, ಇನ್ಮೇಲೆ ನಿಮ್ಮನ್ನ ಅಗೆಯೋಕೆ ಕರೆಯೋದು ಹ್ಯಾಗೆ? ಕರೀಬೇಡಿ, ಸುಳ್ಳಿನ ಕೆಳಗೆ ನನ್ನ ಹೆಸರು ಬೇಡ, ಏಣಿ ಹತ್ತಿದಳು, ಜೆಸಿಬಿ ಮುಂದೆ ಬಂತು, ಮೊದಲ ಮಣ್ಣು ಒಲೆಯ ಮೇಲೆ, ಎರಡನೆಯದು ಹೊಸ್ತಿಲ ಮೇಲೆ, ಒಲೆಯ ಬಲಕ್ಕೆ ಒಂದು ಮೊಳದಷ್ಟು ನೆಲ ಇನ್ನೂ ಕಾಣುತ್ತಿದೆ, ಅಂಗೈ, ಅದರ ಮೇಲೆ ಗೊರಸು, ಅಂಗೈ, ಅದರ ಮೇಲೆ ಗೊರಸು