ಪೊರಕೆಯ ಪಾಳಿ

"ಮುಟ್ಬೇಡ ಅಂದ್ನಲ್ಲೇ, ಮುಂಡೇದೆ! ನೀನು ಮುಟ್ಟಿದ್ನ ಇನ್ಯಾರು ಹಾಕ್ಕೊಳ್ತಾರೆ?"

ಸೂಪರ್‌ವೈಸರ್ ದೂರದಿಂದಲೇ ಸೀಟಿ ಊದಿ ಕೂಗಿದ. ಶಿಬಿರದ ಹುಡುಗಿ ಸೂಜಿಯ ಕೈಯಲ್ಲಿದ್ದದ್ದು ಯಾವನೋ ಗಂಡಸು ಹಾಕಿ ಬಿಟ್ಟ ಚಡ್ಡಿ. ಎಲಾಸ್ಟಿಕ್ ಜೋತುಬಿದ್ದಿತ್ತು, ಹಿಂಬದಿಯಲ್ಲಿ ಹಳದಿ ಕಲೆ ಒಣಗಿ ಗಟ್ಟಿಯಾಗಿತ್ತು. ಒಗೆಯದೆಯೇ ಮೂಟೆಗೆ ತುರುಕಿ ದಾನ ಎಂದು ಕಳಿಸಿದ್ದರು ಪುಣ್ಯಾತ್ಮರು. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಇದನ್ನ ನಾನು ಮುಟ್ಟಿ ಮೈಲಿಗೆ ಮಾಡ್ಬಿಟ್ನಾ ಸಾಹೇಬ್ರೇ?"

"ದಾನಕ್ಕೆ ಬಂದ ಎಮ್ಮೆ ಹಲ್ಲು ಎಣಿಸ್ತಾಳೆ ನೋಡು ಇವ್ಳು! ಇಡು ಕೆಳಗೆ. ಬೇರೆಯೋರು ಆರಿಸ್ಕೊಂಡ್ಮೇಲೆ ಉಳಿದಿದ್ದು ನಿಮ್ಗೆ."

ಅವಳು ಕೆಳಗಿಟ್ಟಳು. ಪಕ್ಕದಲ್ಲಿ ನಿಂತಿದ್ದ, ಕಲ್ಲು ಒಡೆಯುವ ಕಲ್ಲಕ್ಕ ಆ ಚಡ್ಡಿಯನ್ನು ಕಾಲಲ್ಲಿ ಒದ್ದು, ತನ್ನ ಭಾಷೆಯಲ್ಲಿ ಏನೋ ಅಂದಳು. ಆ ಭಾಷೆ ಶಿಬಿರದಲ್ಲಿ ಹೆಚ್ಚಿನವರಿಗೆ ಬರುತ್ತಿರಲಿಲ್ಲ. ಬೈಗುಳವೆಂದು ಮಾತ್ರ ಎಲ್ಲರಿಗೂ ಗೊತ್ತಾಯಿತು.

ಹೊಳೆ ಉಕ್ಕಿ ಮೂರು ಕೇರಿ ಕೊಚ್ಚಿಹೋಗಿ ಒಂದು ತಿಂಗಳಾಗಿತ್ತು. ಆಚೆ ದಡದ ಗಿರಣಿ ಧಣಿ ತನ್ನ ಗೋದಾಮು ನೆನೆಯದಿರಲೆಂದು ಏರಿ ಎತ್ತರಿಸಿಕೊಂಡಿದ್ದ. ನೀರಿಗೇನು, ದಾರಿ ಸಿಕ್ಕ ಕಡೆ ನುಗ್ಗಿತು. ಚರಂಡಿ ಬಳಿಯುವವರ ಕೇರಿ, ದೋಣಿಯವರ ಕೇರಿ, ಗುಡ್ಡದಿಂದ ಕಲ್ಲು ಒಡೆಯಲು ಬಂದವರ ಕೇರಿ, ಮೂರೂ ಒಂದೇ ಸಂಜೆಯಲ್ಲಿ ಹೋದವು. ಈಜು ಬಂದವರು, ಮರ ಹತ್ತಬಲ್ಲವರು ಉಳಿದರು. ಹಾಗಾಗಿ ಶಿಬಿರದಲ್ಲಿದ್ದವರೆಲ್ಲ ಹೆಚ್ಚುಕಡಿಮೆ ಹದಿನೆಂಟು ಇಪ್ಪತ್ತರವರೇ. ಮುದುಕರು ಬೆರಳೆಣಿಕೆಯಷ್ಟು. ಸೂಜಿಯ ಅವ್ವ ಹೋದಳು, ಅಜ್ಜಿ ಉಳಿದಳು. ಅಜ್ಜಿಯನ್ನು ಬೆನ್ನಿಗೆ ಕಟ್ಟಿಕೊಂಡು ಸೂಜಿಯೇ ಮರ ಹತ್ತಿದ್ದಳು.

ಅವಳಿಗೆ ಸೂಜಿ ಅಂತ ಹೆಸರು ಬಂದದ್ದು ಶಿಬಿರದಲ್ಲೇ. ಹರಿದ ಡೇರೆಗಳನ್ನೆಲ್ಲ ಹೊಲಿದವಳು ಅವಳು. ಧಣಿಯ ಮುಖ ಅಚ್ಚಾಗಿದ್ದ ಹಿಂದಿನ ಮೂಟೆಗಳ ಚೀಲ, ಯಾರೂ ಹಾಕಲಾರದ ಕೋಟು, ಒಂದು ಕಾಲಿನ ಪ್ಯಾಂಟು, ಎಲ್ಲವನ್ನೂ ಕತ್ತರಿಸಿ ಸೇರಿಸಿ ಮೂವತ್ತೆರಡು ಸೂರು ಮಾಡಿದ್ದಳು. ಬೆರಳೆಲ್ಲ ತೂತು. ಅವಳಪ್ಪ ಮ್ಯಾನ್‌ಹೋಲಿಗೆ ಇಳಿದು ಮೇಲೆ ಬಾರದೆ ಸತ್ತವನು. ಸಾಯುವ ಹಿಂದಿನ ವರ್ಷ ಅವಳನ್ನು ಟೈಲರ್ ಅಂಗಡಿಗೆ ಕರೆದೊಯ್ದು, "ಇವ್ಳು ಸೂಜಿ ಬಿಟ್ಟು ಬೇರೇನೂ ಹಿಡೀಕೂಡ್ದು ಸ್ವಾಮಿ" ಎಂದು ಹೇಳಿ ಬಿಟ್ಟುಬಂದಿದ್ದ. ಅವಳು ದುಡಿದು ಕೊಂಡ ಹಳೇ ಹೊಲಿಗೆ ಮಿಷನ್ನು ಹೊಳೆಯ ಪಾಲಾಗಿತ್ತು. ಕನಸಿನಲ್ಲಿ ಅವ್ವನಿಗಿಂತ ಹೆಚ್ಚು ಸಲ ಆ ಮಿಷನ್ನೇ ಬರುತ್ತಿತ್ತು, ಅದಕ್ಕೆ ಅವಳಿಗೆ ನಾಚಿಕೆ.

ಶಿಬಿರದ ಕಕ್ಕಸಿನ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗದು. ಎಂಟು ಗುಂಡಿ, ಗುಂಡಿಗೊಂದು ಡ್ರಮ್ಮು. ತುಂಬಿದಾಗ ಎಳೆದೊಯ್ದು ದೂರದ ಹಳ್ಳದಲ್ಲಿ ಸುರಿಯಬೇಕು. ಮೊದಲ ವಾರ ಯಾರೂ ಏನೂ ಹೇಳಲಿಲ್ಲ. ಎಲ್ಲರೂ ಸುಮ್ಮನೆ ಚರಂಡಿ ಕೇರಿಯವರಲ್ಲಿ ಉಳಿದಿದ್ದ ಸೂಜಿಯ ಡೇರೆಯ ಕಡೆ ನೋಡಿದರು. ಸೂಪರ್‌ವೈಸರ್ ಪೊರಕೆ ತಂದು ಅವಳ ಬಾಗಿಲಿಗೇ ಒರಗಿಸಿ ಹೋದ. "ಹಿಡ್ಕೊಂಡ್ಬಿಡು ಮಗಾ, ನಮ್ಗೇನು ಹೊಸದಾ" ಎಂದಳು ಅಜ್ಜಿ. ಸೂಜಿ ಹಿಡಿಯಲಿಲ್ಲ. ಡ್ರಮ್ಮು ತುಂಬಿತು, ಉಕ್ಕಿತು. ಹುಳು ಹರಿದು ಡೇರೆಗಳ ಹತ್ತಿರಕ್ಕೆ ಬಂದವು. ಊಟಕ್ಕೆ ಕೂತರೆ ಅನ್ನ ಯಾವುದು ಹುಳ ಯಾವುದು ಎಂದು ನೋಡಿ ತಿನ್ನಬೇಕಾಗಿತ್ತು. ನಾಲ್ಕನೇ ದಿನ ಕಲ್ಲಕ್ಕನಿಗೆ ರೇಗಿತು. ಮೂಗಿಗೆ ಬಟ್ಟೆ ಕಟ್ಟಿ, ಇಡೀ ಶಿಬಿರಕ್ಕೆ ಬೈಯುತ್ತಾ ಎರಡು ಡ್ರಮ್ಮು ಎಳೆದಳು. ದೋಣಿಯಣ್ಣ ಎದ್ದು ಇನ್ನೆರಡು ಎಳೆದ. ಅವನು ದೋಣಿ ಕೇರಿಯ ಮಡಿವಂತ, ಎರಡೂ ಸಲ ವಾಂತಿ ಮಾಡಿಕೊಂಡ. ಆಗ ಸೂಜಿ ಎದ್ದು ಉಳಿದವನ್ನು ಎಳೆದಳು. ಅವಳೂ ವಾಂತಿ ಮಾಡಿದಳು. ಅದನ್ನು ನೋಡಿ ದೋಣಿಯಣ್ಣನಿಗೆ ಆಶ್ಚರ್ಯವೋ ಆಶ್ಚರ್ಯ. ಇವರಿಗೂ ವಾಂತಿ ಬರುತ್ತೆ ಎಂದು ಅವನಿಗೆ ಗೊತ್ತೇ ಇರಲಿಲ್ಲವಂತೆ.

ಅವತ್ತು ಸಾಯಂಕಾಲ, ಎಲ್ಲರಿಗೂ ಒಟ್ಟಿಗೆ ಅನ್ನ ಬೇಯುವ ಹಂಡೆಯ ಸುತ್ತ ಎಲ್ಲರೂ ಕೂತಾಗ ಕಾನೂನು ಆಯಿತು. ಮೂರು ಭಾಷೆಯವರಿಗೆ ಒಂದು ಕಾನೂನು ಹೇಳುವುದು ಹೇಗೆ? ದೋಣಿಯಣ್ಣ ಎದ್ದು ನಿಂತು ಕೈಯಲ್ಲೇ ಹೇಳಿದ. ಹಂಡೆ ತೋರಿಸಿದ, ಬಾಯಿ ತೋರಿಸಿದ, ಹೊಟ್ಟೆ ಸವರಿದ, ತಿರುಗಿ ನಿಂತು ಅಂಡಿನ ಮೇಲೆ ಪಟ್ಟೆಂದು ಬಾರಿಸಿಕೊಂಡ, ಕೊನೆಗೆ ಪೊರಕೆ ತೋರಿಸಿದ. ಸತ್ತವರ ಲೆಕ್ಕ ಹಾಕುತ್ತಾ ಕೂತಿದ್ದ ಜನ ಹೊಳೆ ಉಕ್ಕಿದ ಮೇಲೆ ಮೊದಲ ಸಲ ನಕ್ಕರು. ಹಂಡೆಯಲ್ಲಿ ಉಂಡವರೆಲ್ಲ ಪೊರಕೆ ಹಿಡಿಯಬೇಕು. ದಿನಕ್ಕೊಂದು ಡೇರೆ. ಬೆಳಿಗ್ಗೆ ಪೊರಕೆ ಯಾರ ಡೇರೆಯ ಗೂಟದಲ್ಲಿ ನೇತಾಡುತ್ತೋ ಅವರ ಪಾಳಿ. ಆಮೇಲೆ ಯಾರಾದರೂ ಮೈಗಳ್ಳತನ ಮಾಡಿದರೆ ಬೈಯುವ ಅಗತ್ಯವೇ ಬರಲಿಲ್ಲ. ಎದುರು ನಿಂತು ಅಂಡಿಗೆ ಪಟ್ಟೆಂದು ಬಾರಿಸಿಕೊಂಡರೆ ಸಾಕಾಗಿತ್ತು.

ಸೂಪರ್‌ವೈಸರನಿಗೆ ಇದು ಹಿಡಿಸಲಿಲ್ಲ. "ಏನ್ರೋ ಇದು, ಎಲ್ಲಾ ಕಲಸುಮೇಲೋಗರ! ಹಿಂಗಾದ್ರೆ ಯಾರು ಯಾರು ಅಂತ ಗೊತ್ತಾಗೋದು ಹೆಂಗೆ?" ಎಂದು ಸೀಟಿ ಊದಿದ. ಆದರೆ ಕಕ್ಕಸು ಚೊಕ್ಕಟವಾಗಿತ್ತು, ಸುಮ್ಮನಾದ.

ಆ ಚಡ್ಡಿ ಇದ್ದ ಮೂಟೆ ಬಂದ ಮಾರನೇ ದಿನ ಅವನೇ ಸೂಜಿಯ ಡೇರೆಗೆ ಬಂದ. ಧ್ವನಿ ಬೆಣ್ಣೆಯಾಗಿತ್ತು.

"ನಾಳೆ ಧಣಿಗಳು ಬರ್ತಾರೆ ಕಣಮ್ಮ. ಲಾರೀಲಿ ಹೊಲಿಗೆ ಮಿಷನ್ನು ಬರ್ತಾ ಇದೆ. ಒಂದಕ್ಕೆ ನಿನ್ನ ಹೆಸರು ಬರೆಸಿದ್ದೀನಿ."

ಸೂಜಿ ಕೈಲಿದ್ದ ದಾರ ಬಿಟ್ಟು ಎದ್ದಳು.

"ನಿಜಾನಾ ಸಾಹೇಬ್ರೇ?"

"ಸುಳ್ಳು ಹೇಳ್ಲಿಕ್ಕೆ ನಂಗೇನು ಹುಚ್ಚಾ? ಆದ್ರೆ ನಾಳೆ ಕಕ್ಕಸು ಕನ್ನಡಿ ಥರಾ ಇರ್ಬೇಕು. ಆ ದೋಣಿ ನನ್ಮಕ್ಕಳಿಗೆ ಏನು ಗೊತ್ತಾಗುತ್ತೆ, ಬಳಿದಂಗೆ ಮಾಡಿ ಬರ್ತಾರೆ. ನಿಮ್ಮ ಕೈಗೆ ಬಂದಿರೋ ಕೆಲಸ ಅದು. ಒಂದೇ ದಿನ, ಪೊರಕೆ ನಿನ್ನ ಗೂಟದಲ್ಲಿರ್ಲಿ."

"ನಾಳೆ ದೋಣಿಯಣ್ಣಂದು ಪಾಳಿ."

"ಮಿಷನ್ ಬೇಕೋ ಬೇಡ್ವೋ?"

ಬೆಳಗಾಗುವ ಮುಂಚೆ ಅವಳು ಹೋಗಿ ದೋಣಿಯಣ್ಣನ ಗೂಟದಿಂದ ಪೊರಕೆ ಬಿಚ್ಚಿಕೊಂಡಳು. ಎಂಟು ಡ್ರಮ್ಮು ಒಬ್ಬಳೇ ಎಳೆದಳು. ಹಲಗೆಗಳನ್ನು ಬೂದಿ ಹಾಕಿ ಉಜ್ಜಿದಳು. ಉಗುರಿನ ಸಂದಿಗೆ ಸೇರಿದ್ದು ಸಾಬೂನಿಗೂ ಬಿಡಲಿಲ್ಲ. ದೋಣಿಯಣ್ಣ ಎದ್ದು ಬಂದು ನೋಡಿದ.

"ನನ್ ಪಾಳಿ ನೀನ್ ಯಾಕೆ?" ಅವನ ಮಾತು ಮುರಿದು ಮುರಿದು ಬರುತ್ತಿತ್ತು.

"ಒಂದೇ ದಿನ, ಬಿಡಣ್ಣ."

"ಒಂದ್ ದಿನ ಕೊಟ್ರೆ, ದಿನಾ ನಿಂದೇ" ಎಂದು ಅವನು ಬೇಸರದಿಂದ ಹೊರಟುಹೋದ. ಕಲ್ಲಕ್ಕ ಅವಳತ್ತ ನೋಡಲೂ ಇಲ್ಲ. ಸೂಜಿಗೆ ಅಳು ಬಂತು. ಮಿಷನ್ನಿನ ಚಕ್ರ ನೆನೆಸಿಕೊಂಡು ಅಳು ನುಂಗಿದಳು.

ಗಿರಣಿ ಧಣಿ ಹನ್ನೊಂದಕ್ಕೆ ಬಂದ. ಬಿಳೀ ಕಾರು, ಬಿಳೀ ಬಟ್ಟೆ, ಕಾರಿನ ಹಿಂದಿನ ಸೀಟಿಗೆ ಬಿಳೀ ಟವೆಲ್ಲು. ಮೂಟೆಯ ಮೇಲಿದ್ದ ಮುಖವೇ, ಸ್ವಲ್ಪ ಹೆಚ್ಚು ಉಬ್ಬಿತ್ತು. ಫೋಟೋದವರು ಹೇಳಿದಂತೆ ಹಂಡೆಯ ಪಕ್ಕ ಕೂತು ಎರಡು ತುತ್ತು ಉಂಡ. ಮೂರನೆಯದನ್ನು ಕರವಸ್ತ್ರಕ್ಕೆ ಉಗಿದ, ಅದರ ಫೋಟೋ ತೆಗೆಯಲಿಲ್ಲ. "ಆಹಾ, ಎಲ್ಲರೂ ಒಂದೇ ಹಂಡೆ, ನಾನೂ ನಿಮ್ಮಲ್ಲೊಬ್ಬ!" ಎಂದ. ಚಪ್ಪಾಳೆ ತಟ್ಟಿಸಲು ಸೂಪರ್‌ವೈಸರ್ ಸೀಟಿ ಊದಿದ. ಎರಡೇ ತುತ್ತಿಗೆ ಧಣಿಯ ಹೊಟ್ಟೆ ಗುಡುಗಿತೋ, ಮನೆಯಲ್ಲಿ ಬಿಗಿದು ಬಂದದ್ದು ಎದ್ದಿತೋ, ಅವಸರವಾಗಿ ಕಕ್ಕಸಿನ ಮರೆಯ ಕಡೆ ನಡೆದ. ಹೊರಬಂದು ಕೈಗೆ ಸೆಂಟು ಹಾಕಿಕೊಂಡು ವೇದಿಕೆ ಹತ್ತಿದ.

ಸೂಜಿ ಓಡಿಹೋಗಿ ನೋಡಿದಳು. ಅವಳು ಬೆಳಿಗ್ಗೆ ಉಜ್ಜಿದ ಹಲಗೆಯ ಮೇಲೆಯೇ, ಗುಂಡಿಯಿಂದ ಗೇಣು ದೂರದಲ್ಲಿ, ಧಣಿ ತನ್ನ ಗುರುತು ಬಿಟ್ಟುಹೋಗಿದ್ದ. ತುಂಬಿದ ನೀರಿನ ಚೊಂಬು ಹಾಗೇ ಇತ್ತು. ಮನೆಯಲ್ಲಿ ಹಿಂಗೇ ಮಾಡ್ತಾನಾ, ಹಲ್ಕಟ್ ನನ್ಮಗ ಎಂದುಕೊಂಡಳು. ಅಷ್ಟರಲ್ಲಿ ಮೈಕಿನಲ್ಲಿ ಕರೆ ಬಂತು.

ಲಾರಿಯಿಂದ ಇಳಿಸಿದ ಮಿಷನ್ನು ವೇದಿಕೆಯ ಮೇಲಿತ್ತು. ಕಪ್ಪು ಮೈ, ಹೊಳೆಯುವ ಚಕ್ರ. ಸೂಜಿಯ ಕಾಲು ತಾನಾಗಿ ತುಳಿಯುವ ತಾಳ ಹಾಕತೊಡಗಿತು. ಮೈಕಿನಲ್ಲಿ ಮೊದಲು ಬೇರೊಂದು ಹೆಸರು ಕೇಳಿತು. ರೇಷ್ಮೆ ಸೀರೆ ಉಟ್ಟ ಹೆಂಗಸೊಬ್ಬಳು ಬಂದು ಮಿಷನ್ನಿನ ಮೇಲೆ ಕೈಯಿಟ್ಟು ಫೋಟೋಕ್ಕೆ ನಕ್ಕಳು. ಅವಳು ಸೂಪರ್‌ವೈಸರನ ನಾದಿನಿ. ಅವಳ ಮನೆ ಹೊಳೆಯಿಂದ ನಾಲ್ಕು ಬೀದಿ ಮೇಲಿತ್ತು, ನೀರು ಕಂಡದ್ದು ನಲ್ಲಿಯಲ್ಲಿ ಮಾತ್ರ. ಬಂದಿದ್ದದ್ದು ಅದೊಂದೇ ಮಿಷನ್ನು.

"ಈಗ," ಎಂದು ಸೂಪರ್‌ವೈಸರ್ ಮೈಕಿಗೆ ಬಾಯಿ ಹಚ್ಚಿದ, "ತಲೆತಲಾಂತರದಿಂದ ಬಂದ ತಮ್ಮ ಕುಲಕಸುಬನ್ನು ಈ ಸಂಕಟದಲ್ಲೂ ಮರೆಯದೆ, ಇಂದು ಬೆಳಿಗ್ಗೆ ಒಬ್ಬಳೇ ಇಡೀ ಶಿಬಿರವನ್ನು ಚೊಕ್ಕಟ ಮಾಡಿದ ಈ ಹೆಣ್ಣುಮಗಳಿಗೆ ಧಣಿಗಳ ಕಾಣಿಕೆ!"

ವೇದಿಕೆ ಹತ್ತಿದವಳಿಗೆ ಹೊಸ ಪೊರಕೆ, ಹೊಸ ಬಕೀಟು. ಎರಡರ ಮೇಲೂ ಧಣಿಯ ಮುಖದ ಚೀಟಿ. ಧಣಿ ಪೊರಕೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೀಡಿದ, ಅವಳು ಇನ್ನೊಂದು ತುದಿ ಹಿಡಿದ ಕ್ಷಣವೇ ಬಿಟ್ಟ. "ಇನ್ಮುಂದೆ ಇದೇ ಕೆಲಸ ಕಾಯಂ ಮಾಡ್ಕೊಡ್ತೀವಿ ಕಣಮ್ಮ, ಬೇರೆಯೋರ ಗೊಡವೆ ಇಲ್ದಂಗೆ. ಸಂತೋಷ ತಾನೇ?"

ಕೆಳಗೆ ಅಜ್ಜಿ ತಲೆ ತಗ್ಗಿಸಿ ಕೂತಿದ್ದಳು. ಮ್ಯಾನ್‌ಹೋಲಿನಿಂದ ಮಗನನ್ನು ಎತ್ತಿದ ದಿನವೂ ಹೀಗೇ ಕೂತಿದ್ದಳು. ಸೂಜಿಗೆ ಅಸಹ್ಯ ಹುಟ್ಟಿತು. ಧಣಿಯ ಮೇಲಷ್ಟೇ ಅಲ್ಲ, ಬೆಳಗಿನ ಜಾವ ಗೂಟದಿಂದ ಪೊರಕೆ ಬಿಚ್ಚಿಕೊಂಡ ತನ್ನ ಕೈ ಮೇಲೂ.

ಅವಳು ಮೈಕನ್ನು ಪಕ್ಕಕ್ಕೆ ಸರಿಸಿದಳು. ಧಣಿಗೆ ಎದುರಾಗಿ ನಿಂತು ಹಂಡೆ ತೋರಿಸಿದಳು. ಅವನ ಬಾಯಿ ತೋರಿಸಿದಳು. ಅವನ ಹೊಟ್ಟೆಯತ್ತ ಬೆರಳು ಮಾಡಿ ಗಾಳಿಯಲ್ಲೇ ಸವರಿದಳು. ತಿರುಗಿ, ಫೋಟೋದವರೆಲ್ಲ ನೋಡುತ್ತಿರುವಂತೆಯೇ, ತನ್ನ ಅಂಡಿಗೆ ಪಟ್ಟೆಂದು ಬಾರಿಸಿಕೊಂಡಳು. ಕೊನೆಗೆ ಪೊರಕೆಯನ್ನು ಅವನ ಮುಂದೆ ಹಿಡಿದಳು.

"ಏನ್ರೀ ಇದು? ಮೂಗೀನಾ ಇವ್ಳು?" ಎಂದ ಧಣಿ.

ಕೆಳಗಿನಿಂದ ಕಲ್ಲಕ್ಕನ ನಗು ಸಿಡಿಯಿತು. ದೋಣಿಯಣ್ಣ ಎದ್ದು ನಿಂತ.

"ನಿಮ್ ಪಾಳಿ, ಧಣಿ. ಹಂಡೇಲಿ ಉಂಡ್ರಿ. ಕಕ್ಕಸಲ್ಲಿ ಕೂತ್ರಿ."

"ನೀರೂ ಹಾಕಿಲ್ಲ ಕಣಣ್ಣೋ!" ಎಂದು ಸೂಜಿ ಕೂಗಿದಳು. "ಹಲಗೆ ಮೇಲೇ ಇಟ್ಟು ಬಂದವ್ರೆ. ಹೋಗಿ ನೋಡ್ಕೊಂಡು ಬನ್ನಿ!"

ಧಣಿಯ ಮುಖ ಕೆಂಪಾಯಿತು. ಬಿರಬಿರನೆ ವೇದಿಕೆ ಇಳಿದು ಕಾರಿನ ಕಡೆ ನಡೆದ. ಅವನಿಗಿಂತ ಮುಂಚೆ ಸೂಜಿ ಜಿಗಿದು ಓಡಿದಳು. ಹಿಂದಿನ ಬಾಗಿಲು ತೆಗೆದು ಬಿಳೀ ಟವೆಲ್ಲಿನ ಮೇಲೆ ಬಕೀಟು ಇಟ್ಟಳು, ಅದರೊಳಗೆ ಪೊರಕೆ ಇಟ್ಟಳು, ಪಕ್ಕಕ್ಕೆ ಸರಿದು ನಿಂತಳು.

"ತೆಗೀರೋ ಅದನ್ನ!" ಸೂಪರ್‌ವೈಸರ್ ಸೀಟಿ ಊದಿದ. ಇನ್ನೂರು ಜನ ಕದಲಲಿಲ್ಲ. ಡ್ರೈವರ್ ಸುಮ್ಮನೆ ಕಾರಿನಿಂದಿಳಿದು ದೂರ ಹೋಗಿ ಬೀಡಿ ಹಚ್ಚಿದ. "ತೆಗೀರೋ, ಸೂಳೆಮಕ್ಳಾ! ನಾಳೆಯಿಂದ ಅಕ್ಕಿ ಬಂದ್ ಮಾಡಿಸ್ತೀನಿ, ಮಣ್ಣು ತಿನ್ನಿ!"

ಕಲ್ಲಕ್ಕ ಎದ್ದಳು. ಹಂಡೆ ತೋರಿಸಿದಳು, ಬಾಯಿ ತೋರಿಸಿದಳು, ಹೊಟ್ಟೆ ಸವರಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಇನ್ನೂರು ಜನ ಧಣಿಗೆ ಬೆನ್ನು ತಿರುಗಿಸಿ ಒಟ್ಟಿಗೆ ಬಾರಿಸಿಕೊಂಡಾಗ ಆಚೆ ದಡದ ಗೋದಾಮಿನ ಗೋಡೆಯಿಂದಲೂ ಪಾರಿವಾಳ ಹಾರಿದವು. ಅಜ್ಜಿ ಕೂತಲ್ಲಿಂದಲೇ ತನ್ನ ತೊಡೆಗೆ ಬಾರಿಸಿಕೊಂಡಳು.

ಸೂಪರ್‌ವೈಸರ್ ತಾನೇ ಕಾರಿನೊಳಕ್ಕೆ ಬಗ್ಗಿ ಕೈ ಚಾಚಿದ.

"ನಾನು ಮುಟ್ಟಿದ್ದೀನಿ ಸಾಹೇಬ್ರೇ," ಎಂದಳು ಸೂಜಿ. "ಇನ್ಯಾರು ಮುಟ್ತಾರೆ?"

ಚಾಚಿದ ಕೈ ಅಲ್ಲೇ ನಿಂತಿತು. ಅವನು ಧಣಿಯ ಮುಖ ನೋಡಿದ. ಧಣಿ ಪೊರಕೆಯ ಮೇಲಿನ ತನ್ನ ಮುಖ ನೋಡಿದ. ಬಿಸಿಲು ಏರುತ್ತಿತ್ತು. ಮರೆಯ ಕಡೆಯಿಂದ ವಾಸನೆ ಶುರುವಾಗಿ ಮೊದಲ ನೊಣಗಳು ಬಂದು, ಧಣಿಯ ಬಿಳೀ ತೋಳಿನ ಮೇಲೆ ಕೂತವು. ಕಾರಿನ ಬಾಗಿಲು ತೆರೆದೇ ಇತ್ತು.